ಡೇಲ್‌ನ ಉರಿಯದ ನಕ್ಷತ್ರ

ವೆಸ್ಟರ್ ಫಾಲ್ಸ್, ಅಯೋವಾ
೧೪ ಅಕ್ಟೋಬರ್ ೨೦೧೯, ಸೋಮವಾರ

ಪ್ರೀತಿಯ ಲೆನೋರ್,

ಆದರೂ ಲೂನೆಟ್ ಥಿಯೇಟರಿನ ಪರದೆ ಕೆಂಪೇ ಇತ್ತು. ನಿನ್ನೆ ಫೋನಿನಲ್ಲಿ ನೀನು ಹಸಿರು ಹಸಿರು ಅಂತ ಹಟ ಹಿಡಿದೆ, ಅಷ್ಟರಲ್ಲಿ ನಿನ್ನ ನರ್ಸು ಊಟಕ್ಕೆ ಕರೆದಳು. ನಾನು ಸೋತೆ ಅಂದುಕೊಂಡು ಹಾಯಾಗಿ ಮಲಗಿರುತ್ತೀಯ. ಸೋತಿಲ್ಲ. ಇರಲಿ, ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ಅರಿಜೋನಾದ ಬಿಸಿಲಿಗೆ ನೋವು ಇಳಿಯುತ್ತದೆ ಅಂತ ನಿನ್ನ ಮಗ ಅಲ್ಲಿನ ವೃದ್ಧಾಶ್ರಮಕ್ಕೆ ಸೇರಿಸಿದ. ನೋವು ಇಳಿಯಿತೋ, ಬರೀ ಬಿಸಿಲೇ ಏರಿತೋ? ನಾನು ಮಂಡಿಯೊಂದು ಬಿಟ್ಟರೆ ಗಟ್ಟಿ. ನಿನ್ನ ಅಕ್ಕ ಓಪಲ್ ತೀರಿಹೋದ ಮೇಲೆ ಅಡುಗೆ ಕಲಿತಿದ್ದೇನೆ, ಅಂದರೆ ಡಬ್ಬಿ ತೆರೆಯುವುದು ಕಲಿತಿದ್ದೇನೆ. ಕಾಲೇಜಿನಲ್ಲಿ ಓದಿದ ಇಂಗ್ಲಿಷಿನಲ್ಲಿ ನೆನಪಿರುವುದು ಒಂದೇ ಮಾತು: ಪತ್ರದ ಮುಖ್ಯ ವಿಷಯ ಮೊದಲ ಸಾಲಿನಲ್ಲಿರಬೇಕು. ಯಾವ ಮೇಷ್ಟ್ರು ಹೇಳಿದ್ದೋ ಮರೆತೆ. ನೋಡು, ಆಗಲೇ ತಪ್ಪಿದೆ.

ಲೂನೆಟ್ ಥಿಯೇಟರ್ ೨೬ನೇ ತಾರೀಕು ಶನಿವಾರ ಮತ್ತೆ ತೆರೆಯುತ್ತದೆ. ಮುಚ್ಚಿ ಪಾಳುಬಿದ್ದು, ಒಡೆದ ಮಾಳಿಗೆಯಿಂದ ಹಿಮ ಸುರಿದು ಕುರ್ಚಿಗಳ ಮೇಲೆ ಕೂರುತ್ತಿದ್ದ, ಪಾರಿವಾಳಗಳೇ ಪ್ರೇಕ್ಷಕರಾಗಿದ್ದ ನಮ್ಮ ಲೂನೆಟ್! ಊರಿನವರೇ ಸೇರಿ ಗಾರೆ ಹೂಗಳ ಮಸಿ ಒರೆಸಿದರು. ಹತ್ತಿಯಲ್ಲಿ, ಕಿವಿ ಒರೆಸಿದ ಹಾಗೆ. ಚರ್ಚಿನ ಹೆಂಗಸರು ಸೇಬಿನ ಪೈ ತಂದು ತಂದು ಕೆಲಸದವರನ್ನು ದಪ್ಪ ಮಾಡಿದರು. ಮುಂದೆ ನಿಂತು ಮಾಡಿಸಿದವಳು ಮಾರ್ಸಿ, ಔಷಧಿ ಅಂಗಡಿ ಟೋಲೆಫ್‌ಸನ್‌ನ ಮೊಮ್ಮಗಳು. ಮೊನ್ನೆ ನನ್ನನ್ನು ಕರೆಸಿ, ನಡುವಿನ ಸಾಲಿನಲ್ಲಿ ಕೂರಿಸಿ, "ಆರ್ವಿಡ್ ತಾತಾ, ಕಣ್ಮುಚ್ಚಿ. ಕದ್ದು ನೋಡ್ಬಾರ್ದು, ನಿಮ್ ವಿಷ್ಯ ಗೊತ್ತು ನಂಗೆ!" ಅಂದಳು. ತೆರೆದರೆ ಚಾವಣಿಯ ತುಂಬ ಸಣ್ಣ ಬಲ್ಬಿನ ನಕ್ಷತ್ರ. ಅಲ್ಲಿ ಸಿನಿಮಾ ಓಡಿಸುತ್ತಿದ್ದ ನಿಮ್ಮಪ್ಪ ಯಂತ್ರದ ಕೋಣೆಯಿಂದ ಗುಂಡಿ ಒತ್ತಿದರೆ ಹೇಗೆ ಮಿನುಗುತ್ತಿತ್ತೋ ಹಾಗೇ. ಕೆಲಸದವರೆಲ್ಲ ಚಪ್ಪಾಳೆ ಹೊಡೆದರು. "ಒಂದೇ ಒಂದು ಬಲ್ಬೂ ಬಿಟ್ಟಿಲ್ಲ ತಾತ!" ಅಂದಳು ಮಾರ್ಸಿ.

ಡೇಲ್‌ನದೂ ಉರಿಯುತ್ತಿತ್ತಲ್ಲ, ಲೆನೋರ್.

ಆ ಚಾವಣಿಯ ಮೇಲೆ ಹಲಗೆಯ ಮೇಲೆ ತೆವಳಿ ಬಲ್ಬು ಬದಲಿಸುತ್ತಿದ್ದವನು ನಿಮ್ಮಣ್ಣ ಡೇಲ್. ಕೊರಿಯಾ ಯುದ್ಧದಿಂದ ಅವನ ಸಾವಿನ ಸುದ್ದಿ ಬಂದ ವಾರ ಓಪಲ್ ತಾನೇ ಹತ್ತಿ, ಅವನು ಕೊನೆಗೆ ಹಾಕಿಹೋಗಿದ್ದ ಬಲ್ಬನ್ನು ಬಿಚ್ಚಿ ತಂದಳು. ಮಾಲೀಕರು "ಅಲ್ಲೊಂದು ಸತ್ತಿದ್ಯಲ್ಲಯ್ಯಾ" ಅಂದಾಗ ನಿಮ್ಮಪ್ಪ "ಅದು ಹಾಗೇ ಇರ್ಲಿ ಬಿಡಿ ಯಜಮಾನ್ರೇ" ಅಂದರಂತೆ, ಅಷ್ಟೇ. ಆಮೇಲೆ ಕೆಲಸಕ್ಕೆ ಬಂದವರೂ ಅದನ್ನು ಮುಟ್ಟಲಿಲ್ಲ. ಹಳಬರು ಹೊಸಬರಿಗೆ ಹೇಳಿಹೋದರು, ಕಾರಣ ಹೇಳದಿದ್ದರೂ. ಬಾಗಿಲು ಮುಚ್ಚಿದ ಮೇಲೆ ಹೇಳುವವರು ಯಾರು? ಅಚ್ಚುಕಟ್ಟಾಗಿ ಮಾಡಬೇಕು ಅಂತ ಈ ಮಕ್ಕಳು ಎಲ್ಲವನ್ನೂ ಹೊತ್ತಿಸಿಬಿಟ್ಟಿದ್ದಾರೆ.

ಮಾರ್ಸಿಗೆ ಹೇಳಿದೆ. ಹುಡುಗಿ ಕಣ್ಣು ತುಂಬಿಕೊಂಡಳು. "ಅಯ್ಯೋ, ನಮ್ಗ್ಯಾರೂ ಹೇಳ್ಲೇ ಇಲ್ವಲ್ಲ! ಯಾವ್ದು ಅಂತ ಬೆರಳು ತೋರ್ಸಿ ತಾತ, ಈಗ್ಲೇ ಬಿಚ್ಚಿಸ್ತೀನಿ."

ಬೆರಳು ಎತ್ತಿದೆ. ಬೆರಳು ಚಾವಣಿಯ ತುಂಬ ಅಲೆಯಿತು, ಎಲ್ಲಿಯೂ ನಿಲ್ಲಲಿಲ್ಲ. ಮದುವೆಗೆ ಮುಂಚಿನಿಂದ ಬಾಗಿಲು ಮುಚ್ಚುವವರೆಗೆ ಅದರ ಕೆಳಗೇ ಕೂತವನು ನಾನು. ದೀಪ ಆರಿದ ಕೂಡಲೇ ಓಪಲ್ ಒಮ್ಮೆ ಮೇಲೆ ನೋಡುತ್ತಿದ್ದಳು, ಆಮೇಲೆ ನನ್ನ ಕೈ ಹಿಡಿಯುತ್ತಿದ್ದಳು. ಅವಳು ಎಲ್ಲಿ ನೋಡುತ್ತಿದ್ದಳೋ ನಾನು ನೋಡಲಿಲ್ಲ. ಅವಳ ಮುಖ ನೋಡುತ್ತಿದ್ದೆ. ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಕತ್ತು ಎತ್ತಿದಾಗ ಗಂಟಲ ಹತ್ತಿರ ಕಾಣುತ್ತಿದ್ದ ಮಚ್ಚೆಯ ಸಮೇತ. ನಕ್ಷತ್ರ ಮಾತ್ರ ಗೊತ್ತಿಲ್ಲ. "ನಾಳೆ ಹೇಳ್ತೀನಮ್ಮ" ಅಂದು ಎದ್ದು ಬಂದೆ. ನಿನ್ನೆ ನಿನಗೆ ಫೋನು ಮಾಡಿದ್ದು ಇದಕ್ಕೇ. ಕೇಳಲು ಬಾಯಿ ಬರಲಿಲ್ಲ, ಪರದೆಯ ಬಣ್ಣಕ್ಕೆ ಜಗಳ ಆಡಿದೆ.

ಅಡುಗೆಮನೆಯ ಕಿಟಕಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಕು ಇಳಿಯುತ್ತಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ದೀಪ ಹಾಕಲು ಮನಸ್ಸಿಲ್ಲ. ಸೊಂಟ ಜೋಪಾನ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಭಾವ,
ಆರ್ವಿಡ್

ತಾ.ಕ.: ಹಾಳೆಯ ಹಿಂಬದಿ ಚಾವಣಿ ಬರೆದು ನಕ್ಷತ್ರಗಳಿಗೆ ಚುಕ್ಕೆ ಇಟ್ಟಿದ್ದೇನೆ, ಮೇಲ್ಗಡೆ ಇರುವುದು ಪರದೆ. ಡೇಲ್‌ನದರ ಮೇಲೆ ಒಂದು ಗೀಟು ಎಳೆದು ಕೈಗೆ ಸಿಕ್ಕ ದಿನವೇ ಟಪಾಲಿಗೆ ಹಾಕಿಸು, ಆ ಶನಿವಾರದೊಳಗೆ ಮುಟ್ಟಬೇಕು. ಇನ್ನೊಂದು. ನೀನೂ ಮರೆತಿದ್ದರೆ, ಮರೆತೆ ಅಂತ ನನಗೆ ಬರೆಯಬೇಡ ಲೆನೋರ್. ಯಾವುದಾದರೂ ಒಂದರ ಮೇಲೆ ಗೀಟು ಎಳೆ. ನಾನು ಅದನ್ನೇ ನಂಬುತ್ತೇನೆ.