ನಂಬರಿಲ್ಲದ ಇಂಜಿನ್ನು

ಹೂವಿನಹಡಗಲಿ
11 ನವೆಂಬರ್ 2024, ಸೋಮವಾರ

ಪ್ರೀತಿಯ ಅಸ್ಮಾಳ ಅಬ್ಬಾ ಅವರಿಗೆ, ನಿಮ್ಮ ಜೈತುನ್ ಮಾಡುವ ಸಲಾಮು.

ಕೆಮ್ಮು ಹೇಗಿದೆ? ಮಲ್ಪೆಯ ಗಾಳಿ ನಿಮಗೆ ಆಗಿಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಬೋಟಿನ ರಿಪೇರಿಗೆ ಕೂತರೆ ನಿಮಗೆ ಊಟದ ನೆನಪೇ ಇರುವುದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಿರಿ. ಅಸ್ಮಾ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿದ್ದೆ ಹತ್ತುತ್ತಿಲ್ಲ. ಫೋನಿನಲ್ಲಿ ಹೇಳಹೋದರೆ ನೀವು “ಆತು ಆತು, ದಾದಾಪೀರ್ ನೋಡ್ಕೋತಾನ ಬಿಡು” ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಸಾವಕಾಶ ಓದಿರಿ.

ನೀವು ಅಲ್ಲಿ ಹಳೆಯದು ಕೊಂಡು ಲಾರಿಯಲ್ಲಿ ಹೇರಿಸಿ ತಂದ ದೋಣಿ ಹೊಳೆ ದಂಡೆಯ ಮೇಲೆಯೇ ಕೂತಿದೆ. ದೋಣಿ ಓಡಲು ಶುರುವಾದರೆ ಊರಲ್ಲೇ ಇರುತ್ತೇನೆ, ಜನರನ್ನು ಹೊಳೆ ದಾಟಿಸಿ ಬದುಕೋಣ ಎಂದು ನೀವು ಹೇಳಿದ ದಿನ ನಾನು ಎಷ್ಟು ಖುಷಿಪಟ್ಟೆ! ಆದರೆ ದೋಣಿಗೂ ನಂಬರು ಮಾಡಿಸಬೇಕು ಎಂದು ಯಾರಿಗೆ ಗೊತ್ತಿತ್ತು? ಯಾರೋ ಹೇಳಿದರು, ನಾನೂ ನಿಮ್ಮ ತಮ್ಮ ದಾದಾಪೀರನೂ ನೆಟ್ಟಗೆ ಹೊಸಪೇಟೆಯ ಆರ್‌ಟಿಓ ಆಫೀಸಿಗೆ ಹೋದೆವು. ಇಂಜಿನ್ ಇದ್ದದ್ದಕ್ಕೆಲ್ಲ ಆರ್‌ಟಿಓ ಎಂಬುದು ನಮ್ಮ ಗ್ಯಾರೇಜ್ ಮನೆಯ ಬುದ್ಧಿ. ಅಲ್ಲಿದ್ದವರು “ಗಾಲಿ ಎಷ್ಟು ಅದಾವ್ರಿ ಇದಕ್ಕ?” ಎಂದು ಕೇಳಿದರು. ನಿಮ್ಮ ತಮ್ಮ ನಾಚದೆ “ಒಂದೂ ಇಲ್ರಿ ಸರ, ಆದ್ರ ಓಡ್ತೈತಿ” ಎಂದ. ಎಲ್ಲರೂ ನಕ್ಕರು. ನಾನು ಬುರ್ಖಾದೊಳಗೇ ಬೆವೆತೆ. ಇದು ಬಂದರು ಇಲಾಖೆಯ ಕೆಲಸ ಎಂದು ಕೊನೆಗೆ ಅವರೇ ದಾರಿ ಹೇಳಿದರು.

ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಭರತ್ ಎಲ್ಲ ಬಿಡಿಸಿ ಹೇಳಿದ. ಮೊದಲು ಅಧಿಕಾರಿಗಳು ದೋಣಿಯ ಉದ್ದಗಲ, ಗಟ್ಟಿತನ ನೋಡಬೇಕಂತೆ. ಎಷ್ಟು ಜನ ಕೂರಬಹುದು ಎಂದು ಅವರೇ ಗೊತ್ತು ಮಾಡಬೇಕಂತೆ. ಕೊಂಡ ಬಿಲ್ಲು ಬೇಕು, ಇನ್ಶೂರೆನ್ಸ್ ಬೇಕು, ಕೂತವರಿಗೆಲ್ಲ ತೇಲುವ ಜಾಕೆಟ್ ಬೇಕು. ಇಷ್ಟೆಲ್ಲ ಆದ ಮೇಲೆ ನಂಬರು, ಅದನ್ನು ದೋಣಿಯ ಮೇಲೆ ಕಾಣುವಂತೆ ಬರೆಸಬೇಕು. ನನಗೆ ತಲೆ ತಿರುಗಿತು, ಇನ್ನೊಮ್ಮೆ ಹೇಳಿಸಿಕೊಂಡೆ. ಅಲ್ಲಿಯವರೆಗೂ ಸರಿಯೇ ಇತ್ತು. ಅರ್ಜಿಗೆ ಇಂಜಿನ್ ಮೇಲೆ ಕೆತ್ತಿರುವ ನಂಬರಿನ ಫೋಟೋವೂ ಬೇಕೆಂದ, ತೆಗೆಯಲು ಹೋದೆ. ಹುಡುಕಿ ಹುಡುಕಿ ಸಾಕಾಯಿತು, ನಂಬರೇ ಇಲ್ಲ! ರಂಜಾನಿಗೆ ಬಂದಾಗ ಹೊಸದರಂತೆ ಮಾಡುತ್ತೇನೆಂದು ಗ್ರೈಂಡರ್ ಹಿಡಿದು ತುಕ್ಕಿನ ಜೊತೆ ನಂಬರನ್ನೂ ತಿಕ್ಕಿದ್ದೀರಿ, ಮೇಲೆ ನೀಲಿ ಬಣ್ಣ ಬೇರೆ ಹೊಡೆದಿದ್ದೀರಿ. ಮುಖ ನೋಡಿಕೊಳ್ಳಬೇಕು, ಹಾಗೆ ಹೊಳೆಯುತ್ತಿದೆ. ಭರತ್ “ಅಕ್ಕಾ, ಹಿಂಗಿದ್ರ ಕಳುವಿನ ಮಾಲು ಅಂತಾರ. ಮಾರಿದವರ ಹತ್ರ ನಂಬರ್ ಇರೋ ಬಿಲ್ ತರಸ್ರಿ. ಮಾಲಕರೇ ಬಂದು ನಡೆದದ್ದು ಹೇಳಲಿ” ಎಂದ.

ನಿಮ್ಮ ತಮ್ಮನಿಗೆ ಇದೆಲ್ಲ ಆಟ. “ಯಾಕ ತಲಿ ಕೆಡಿಸ್ಕೋತಿ ಭಾಬಿ, ಗ್ಯಾರೇಜಿನ್ಯಾಗ ಅಂಕಿ ಹೊಡಿಯೋ ಪಂಚ್ ಅದಾವು, ಒಂದು ನಂಬರ್ ಹೊಡದ್ರಾತು. ನಿನ್ನ ಹುಟ್ಟಿದ ತಾರೀಖ್ ಹೊಡೀಲೇನು?” ಎನ್ನುತ್ತಾನೆ. ಅಷ್ಟೇ ಆಗಿದ್ದರೆ ಬೈದು ಸುಮ್ಮನಿರುತ್ತಿದ್ದೆ. ಬರುವ ಭಾನುವಾರ ಆಚೆ ದಂಡೆಗೆ ಮದುವೆಯ ದಿಬ್ಬಣ ದಾಟಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದಾನೆ. ನಂಬರಿಲ್ಲ, ಜಾಕೆಟ್ ಇಲ್ಲ ಎಂದರೆ “ಹರಿಗೋಲಿಗೆ ಯಾರು ನಂಬರ್ ಕೊಟ್ಟಾರ? ಹೊಳಿ ಏನು ನಂಬರ್ ಕೇಳ್ತೈತೇನು?” ಎಂದು ನನ್ನನ್ನೇ ಅಣಕಿಸುತ್ತಾನೆ. ಹೊಳೆ ನಂಬರು ಕೇಳುವುದಿಲ್ಲ, ನಿಜ. ಭಾರ ಕೇಳುತ್ತದಲ್ಲ! ಹರಿಗೋಲಿನವರು ಹೊಳೆಯಲ್ಲೇ ಹುಟ್ಟಿದವರು, ಒಬ್ಬ ಹೆಚ್ಚಾದರೆ ಇಳಿ ಎನ್ನುತ್ತಾರೆ. ದಾದಾಪೀರನಿಗೆ ಇಂಜಿನ್ ಗೊತ್ತು, ನೀರು ಗೊತ್ತಿಲ್ಲ. ಎಳೆಗೂಸು ಎತ್ತಿಕೊಂಡ ಹೆಂಗಸರು ಒಂದೇ ಬದಿಗೆ ಕೂತರೆ ಏನು ಗತಿ? ನಮ್ಮ ಅಸ್ಮಾ ಕೂಡ “ಅಮ್ಮೀ, ಮೊದಲನೇ ಟ್ರಿಪ್ಪಿಗೆ ನಾನೂ ಹತ್ತಾಕಿ” ಎಂದು ಕುಣಿಯುತ್ತಿದ್ದಾಳೆ. ಕಣ್ಣು ಮುಚ್ಚಿದರೆ ಬರೀ ನೀರೇ ಕಾಣುತ್ತದೆ. ಅವನಿಗೆ ಹೇಳಿ ನೋಡಿದೆ, ಅತ್ತು ನೋಡಿದೆ, ಕೇಳಲಿಲ್ಲ. ನಿಮ್ಮ ಮಾತಾದರೆ ಕೇಳಿಯಾನು, ಆದರೆ ನೀವೋ ಅವನ ಪಕ್ಷ.

ಅಲ್ಲಾಹು ನಿಮ್ಮನ್ನು ಸುಖವಾಗಿಟ್ಟಿರಲಿ. ಅಸ್ಮಾ ಸಲಾಮು ಹೇಳಿದ್ದಾಳೆ. ರಾತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರಿ.

ಇಂತಿ ನಿಮ್ಮ,
ಜೈತುನ್ ಬೀ

ತಾ.ಕ.: ಉಡುಪಿ ಮಾರ್ಕೆಟ್ಟಿಗೆ ಲಾರಿಯಲ್ಲಿ ಈರುಳ್ಳಿ ಲೋಡು ಒಯ್ಯುವ ಪಕ್ಕೀರಪ್ಪಣ್ಣ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈ ಕಾಗದದ ಜೊತೆ ಅವನು ಕೊಡುವ ಗೋಣಿಚೀಲದಲ್ಲಿ ಉಳ್ಳಾಗಡ್ಡಿ ಇಲ್ಲ. ದೋಣಿಯ ಹಿಂದೆ ನೀರಿನಡಿ ತಿರುಗುವ ಹಿತ್ತಾಳೆ ಫ್ಯಾನು ಇದೆ. ದಾದಾಪೀರ್ ಸಾಮಾನು ತರಲು ಹೋದಾಗ ದಂಡೆಗೆ ಹೋಗಿ ನಾನೇ ಬಿಚ್ಚಿದೆ. ಅದಿಲ್ಲದೆ ದೋಣಿ ಒಂದಡಿಯೂ ಸರಿಯದು, ಮಲ್ಪೆ ಬಿಟ್ಟರೆ ನಮ್ಮ ಕಡೆ ಸಿಗುವುದೂ ಇಲ್ಲವೆಂದು ನೀವೇ ಹೇಳಿದ್ದಿರಿ. ಚೀಲ ಎತ್ತಿದ ಪಕ್ಕೀರಪ್ಪಣ್ಣ “ಏನವಾ, ಕಬ್ಬಿಣದ ಉಳ್ಳಾಗಡ್ಡಿ ಬೆಳದೀರೇನು?” ಎಂದ. “ಈ ಸಲ ಬೆಳಿ ಗಟ್ಟಿ ಐತಣ್ಣಾ” ಎಂದೆ. ಫ್ಯಾನನ್ನು ಯಾರ ಕೈಯಲ್ಲೂ ವಾಪಸು ಕಳಿಸಬೇಡಿರಿ. ಇಂಜಿನ್ ಮಾರಿದವರಿಂದ ಬಿಲ್ಲು ಈಸಿಕೊಂಡು, ಎರಡನ್ನೂ ಹಿಡಿದು ನೀವೇ ಬರಬೇಕು. ದಾದಾಪೀರನಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಲಾರಿ ಹರಪನಹಳ್ಳಿಯಾದರೂ ದಾಟಿರಲಿ.