ಹಲಗೆಯ ಆ ತುದಿ

೧೨ ಮಾರ್ಚ್ ೧೯೫೦, ಭಾನುವಾರ. ಸುರಪುರ.

ಈ ಹಾಳು ಗಿಟಾರಿನ ಒಳಪಟ್ಟಿಗೆ ಯಾವ ಮರವೆಂದು ಇವತ್ತೂ ಗೊತ್ತಾಗಲಿಲ್ಲ. ಮಾಡಿಕೊಡಲು ಹೇಳಿದ ಶಹಾಪುರದ ಪಾದ್ರಿ ನಾಡಿದ್ದು ಮತ್ತೆ ಬರುತ್ತಾರೆ. ಏನು ಹೇಳಲಿ?

ಬೆನ್ನಿಗೆ ಬೀಟೆ, ಕತ್ತಿಗೆ ಸಾಗುವಾನಿ. ಅವು ಕಣ್ಣಿಗೆ ಕಾಣುವ ಮರ, ಯಾರು ಬೇಕಾದರೂ ಆರಿಸಿಯಾರು. ಮುಖದ ಹಲಗೆಯ ಒಳಗೆ ಅಂಟಿಸುವ ಪಟ್ಟಿಯನ್ನು ಕಿವಿಯಿಂದಲೇ ಆರಿಸಬೇಕು, ಅದಕ್ಕೆ ಇಬ್ಬರು ಬೇಕು. ತಂಬೂರಿ ಮಾಡುವಾಗ ಹಲಗೆಯ ಈ ತುದಿಯನ್ನು ನಾನು ಬೆರಳಿನಿಂದ ತಟ್ಟುತ್ತಿದ್ದೆ. ಆ ತುದಿಗೆ ಅಂಗಡಿಯ ಜೊತೆಗಾರ ಮಸ್ತಾನಸಾಬ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದ. “ಇದು ನಿದ್ದಿ ಹೊಡ್ಯಾಕತ್ತದ, ಬಿಡೋ” ಅಂದರೆ ಮುಗಿಯಿತು, ಆ ಹಲಗೆ ಒಲೆಗೆ.

ಒಂದೂವರೆ ವರ್ಷದ ಹಿಂದೆ, ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವಾರವೇ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದ. “ಬರ್ತೀನಿ, ಅಂಗಡಿ ನೋಡ್ಕೋ” ಅಂದಿದ್ದ. ಅವನ ಉಳಿ ಗೋಡೆಯ ಮೇಲೇ ಇದೆ. ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚುತ್ತಿರುತ್ತೇನೆ.

ಯಾದಗಿರಿ ಸ್ಟೇಷನ್ನಿನ ಹಳೆಯ ಪೆಟ್ಟಿಗೆಯಿಂದ ಕಿತ್ತ ದೇವದಾರು ಹಲಗೆಯನ್ನು ಇವತ್ತು ನಾನೇ ತಟ್ಟಿ ನಾನೇ ಕೇಳಲು ನೋಡಿದೆ. ಬರೀ ನನ್ನ ಬೆರಳಿನ ಸಪ್ಪಳ. ಸಂಜೆ ಮೊಸರು ಕೊಡಲು ಬಂದ ಪಕ್ಕದ ಮನೆಯ ಹಣಮಂತಮ್ಮನಿಗೆ ಆ ತುದಿಗೆ ಕಿವಿ ಹಚ್ಚಲು ಹೇಳಿದೆ. ನಗುತ್ತ ಹಚ್ಚಿದಳು. ತಟ್ಟಿದೆ.

“ಏನ್ ಕೇಳಸ್ತವ್ವಾ?”

“ಯಾರೋ ಬಾಗ್ಲಾ ಬಡದಂಗ ಆಯ್ತರಿ, ಕಾಕಾ.”

ತಟ್ಟಿದವನು ನಾನೇ. ಆದರೂ ತಿರುಗಿ ಬಾಗಿಲು ನೋಡಿದೆ.