ಎದುರಿಗೆ ಬಂದು ಬಾರಿಸಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ಪಾಪುವಿನ ಕೆಮ್ಮು ಹೋಯಿತೇ? ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾಯಿತೆಂದು ಬೈದುಕೊಳ್ಳಬೇಡ, ಕೈ ನಡುಕ ನಿಲ್ಲಲಿ ಎಂದು ಕಾಯುತ್ತಿದ್ದೆ. ಈಗ ನೋಡು, ಅಕ್ಷರಗಳು ನೆಟ್ಟಗೆ ನಿಂತಿವೆ.

"ಪಾತ್ರೆ ಬಡ್ಕೊಂಡು ಕೂರೋಕೆ ಆಸ್ಪತ್ರೆ ಯಾಕಂತೆ?" ಎಂದು ನಿನ್ನ ಯಜಮಾನರು ನಕ್ಕರಂತೆ. ನಗಲಿ ಬಿಡು, ಮೊದಲು ನಾನೂ ನಕ್ಕವಳೇ. ಕುಡಿತ ಬಿಟ್ಟವರು, ಏನೇನೋ ಕಂಡು ನಿದ್ದೆ ಕಳೆದುಕೊಂಡವರು, ಎಲ್ಲರೂ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗುತ್ತೇವೆ. ಅಲ್ಲಿನ ಮೇಡಂ ಕಂಚಿನ ಬಟ್ಟಲುಗಳನ್ನೂ ಒಂದು ದೊಡ್ಡ ಜಾಗಟೆಯನ್ನೂ ಮೆಲ್ಲಗೆ ಬಾರಿಸುತ್ತಾರೆ. ಸದ್ದು ಪೂರ್ತಿ ಆರುವವರೆಗೆ ಉಸಿರಾಡುತ್ತ ಕೇಳಬೇಕು, ಅಷ್ಟೇ ಮದ್ದು. ಪಕ್ಕದ ಚಾಪೆಯ ಲಾರಿ ಡ್ರೈವರಣ್ಣ, "ಮನೇಲಿ ಪಾತ್ರೆ ಸದ್ದಾದ್ರೆ ಹೆಂಡ್ತಿಗೆ ಕೋಪ ಬಂದಿದೆ ಅಂತ ಅರ್ಥ ತಂಗಿ, ಇಲ್ಲಿ ಅದನ್ನೇ ಕೇಳಿ ನೆಮ್ಮದಿಯಾಗಿರು ಅಂತಾರೆ!" ಎಂದು ನಗಿಸಿ, ಮರುಕ್ಷಣ ಗೊರಕೆ ಹೊಡೆಯುತ್ತಾನೆ.

ಮೊನ್ನೆ ಮೇಡಂ ಒಂದು ಎಡವಟ್ಟು ಮಾಡಿದರು. ನನ್ನ ತಲೆಯ ಹಿಂದೆ ಬಂದು ನಿಂತು ಜಾಗಟೆ ಬಾರಿಸಿಬಿಟ್ಟರು. ನನಗೆ ಜೀವ ಬಾಯಿಗೆ ಬಂತು. ಎದ್ದು ನಿಂತು ಕಿರುಚಿದೆ: "ಹಿಂದೆ ಬರ್ಬೇಡಿ! ಬಾರಿಸೋದಾದ್ರೆ ಎದುರಿಗೆ ಬಂದು ಬಾರಿಸಿ!" ಎಲ್ಲರೂ ದಂಗಾದರು. ಹೊರಗೆ ಹಾಕುತ್ತಾರೇನೋ ಅಂದುಕೊಂಡೆ. ಹಾಕಲಿ, ಅದಕ್ಕೆಲ್ಲ ಕ್ಷಮೆ ಕೇಳುವವಳು ನಾನಲ್ಲ. ಮೇಡಂ ಕೊಡತಿಯನ್ನು ನನ್ನ ಕೈಗಿಟ್ಟು, "ತಪ್ಪು ನಂದು. ನೀವೇ ಬಾರಿಸಿ, ಸಾಕು ಅನ್ಸಿದಾಗ ನಿಲ್ಸಿ" ಅಂದರು. ಬಾರಿಸಿದೆ ಪುಟ್ಟಿ! ಕಿಟಕಿಯ ಗಾಜು ನಡುಗುವ ಹಾಗೆ, ಅಳುತ್ತಳುತ್ತಲೇ ಬಾರಿಸಿದೆ. ಅವತ್ತು ಒಂದು ಹನಿ ಕುಡಿಯದೆಯೂ ನಿದ್ದೆ ಬಂತು. ಈಗ ಅಲ್ಲಿ ಯಾರ ಬೆನ್ನ ಹಿಂದೆಯೂ ಬಾರಿಸುವಂತಿಲ್ಲ.

"ಅಪ್ಪಂಗೆ ವಯಸ್ಸಾಯ್ತು, ನಿನ್ನನ್ನೇ ಕೇಳ್ತಿರ್ತಾರೆ. ಬಂದು ಕಾಲಿಗೆ ಬಿದ್ದು ರಾಜಿಯಾಗು" ಎಂದಿದ್ದೀಯ. ಬರುವುದಿಲ್ಲ. ಅವರಿರುವ ಮನೆಯ ಹೊಸಿಲು ತುಳಿದರೆ ಮತ್ತೆ ಬಾಟಲಿ ಹಿಡಿಯುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ನೆಂಟರೆದುರು ಕುಡುಕಿ ಅಂದರು, ಇನ್ನೂ ಅನ್ನಲಿ. ನೀನೂ ಬೇಕಾದರೆ ಸೊಕ್ಕಿನವಳು ಅನ್ನು, ಕಲ್ಲು ಮನಸ್ಸಿನವಳು ಅನ್ನು. ನಾನು ಬದುಕಬೇಕು ಕಣೇ! ಪಾಪುವನ್ನು ಎತ್ತಿಕೊಂಡು ನೀನೇ ಇಲ್ಲಿಗೆ ಬಾ. ನೋಡಬೇಕು ಅನ್ನಿಸುತ್ತಿದೆ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಪಾಪು ಮನೆ ಹಾರಿಹೋಗುವಂತೆ ಕೂಗಾಡುತ್ತ, ಯಾರಿಗೂ ಹೆದರದೆ ಬೆಳೆಯಲಿ.

ನಿನ್ನ
ಅಕ್ಕ

ಇನ್ನೊಂದು ಮಾತು. "ಅಪ್ಪ ಒಂದಿನಾನೂ ದನಿ ಎತ್ತಿದ್ದು ನಾನು ಕೇಳಿಲ್ಲ, ನೀನು ಸುಳ್ಳು ಕಟ್ತಿದ್ದೀಯ" ಎಂದು ಕೊನೆಯಲ್ಲಿ ಬರೆದಿದ್ದೀಯ. ನೀನು ಕೇಳಿಲ್ಲ, ನಿಜ. ಅವರು ಅಮ್ಮನನ್ನು ಹೊಡೆಯುವಾಗಲೆಲ್ಲ ನನ್ನ ಎರಡು ಕೈಯೂ ನಿನ್ನ ಕಿವಿಯ ಮೇಲಿರುತ್ತಿದ್ದವು.